ಮಿಕ್ಸಿಂಗ್ ಅಕ್ಕ

ಮದುವೆಯ ಟೇಪು ಕೈಗೆ ಕೊಟ್ಟ ಕೂಡಲೇ ಅಕ್ಕ ಕೇಳುತ್ತಿದ್ದ ಮೊದಲ ಮಾತು: “ಇದರಾಗ ಯಾರ್ ಅಳ್ತಾರ?”

ಹುಡುಗ ಹುಡುಗಿಯ ಹೆಸರು ಕೇಳುತ್ತಿರಲಿಲ್ಲ. ಯಾವ ಊರು, ಯಾವ ಹಾಡು ಹಾಕಬೇಕು ಎಂಬುದೆಲ್ಲ ಆಮೇಲೆ. ಮೊದಲ ಸಲ ಈ ಪ್ರಶ್ನೆ ಕೇಳಿದಾಗ ನಾನು ತಬ್ಬಿಬ್ಬಾಗಿ, “ಹೆಣ್ಣಿನ ತಾಯಿ ಅಳ್ತಾಳ್ರಿ. ಎಲ್ಲಾ ಮದುವ್ಯಾಗೂ ಅಳ್ತಾರಲ್ರಿ” ಅಂದಿದ್ದೆ.

“ಆಕಿ ಬಿಡು. ಆಕಿ ಎಲ್ಲರ ಮುಂದ ಅಳ್ತಾಳ. ಕಂಬದ ಮರೀಗೆ ನಿಂತು ಯಾರ್ ಅತ್ರು?”

ಯೋಚಿಸಿದೆ. ಹುಡುಗನ ಅಣ್ಣ, ಅಕ್ಷತೆ ಹಾಕಿ ಕೆಳಗಿಳಿದವನು, ಡೋಲಿನವರ ಹಿಂದೆ ಹೋಗಿ ಟವಲಿನಿಂದ ಮುಖ ಒರೆಸಿಕೊಂಡಿದ್ದ. ನನ್ನ ಕ್ಯಾಮೆರಾದ ಮೂಲೆಯಲ್ಲಿ ಅದು ಹೇಗೋ ಸಿಕ್ಕಿತ್ತು. ಹೇಳಿದೆ. “ಹಾಂ, ಅದನ್ನ ಕತ್ತರಿಸಬಾರದು” ಅಂದು ಅಕ್ಕ ಪುಸ್ತಕದಲ್ಲಿ ಬರೆದುಕೊಂಡಳು. ಕನ್ನಡದ ಮಾತು, ತೆಲುಗಿನ ಅಕ್ಷರ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಕಲಿತ, ಆಂಧ್ರದ ಗಡಿಯ ನಮ್ಮ ಕಡೆಯ ಬಹಳ ಮಂದಿ ಹಾಗೆಯೇ ಬರೆಯುತ್ತಾರೆ.

ಅಕ್ಕ ಹೋಗಿ ಆರು ತಿಂಗಳಾಯಿತು. ನನಗೆ ತಿಳಿದದ್ದು ಅವಳು ಹೋದ ಇಪ್ಪತ್ತು ದಿನಕ್ಕೆ, ಅದೂ ಆದೋನಿಯ ಬಸ್ ನಿಲ್ದಾಣದ ಹತ್ತಿರ ಫ್ಲೆಕ್ಸ್ ಮುದ್ರಿಸುವವನ ಬಾಯಿಂದ. “ನಿಮ್ಮ ಮಿಕ್ಸಿಂಗ್ ಅಕ್ಕ ತೀರಿಕೊಂಡಳಂತಲ್ಲ, ನೀ ಹೋಗಿದ್ಯಾ?” ಅಂತ ಅವನು ಸಹಜವಾಗಿ ಕೇಳಿದ. ನಾನು ಅವನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ನಮ್ಮಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವುದಕ್ಕೆ ಮಿಕ್ಸಿಂಗ್ ಅನ್ನುತ್ತಾರೆ. ಮಾಡುವ ಜಾಗ ಮಿಕ್ಸಿಂಗ್ ಯೂನಿಟ್ಟು. ಅಕ್ಕನ ಯೂನಿಟ್ಟು ಹಿಟ್ಟಿನ ಗಿರಣಿಯ ಮೇಲಿನ ಒಂದೇ ಒಂದು ಕೋಣೆ. ಕೆಳಗೆ ಗಿರಣಿ ನಡೆದರೆ ಮೇಲೆ ಮೇಜು ಸಣ್ಣಗೆ ನಡುಗುತ್ತಿತ್ತು. ಕಂಪ್ಯೂಟರಿಗೆ ಹಿಟ್ಟು ಹೋಗಬಾರದೆಂದು ಕಿಟಕಿಗೆ ಸದಾ ಒದ್ದೆ ಚಾದರ. ಅವಳ ಅಣ್ಣ ಶುರುಮಾಡಿದ ಕೆಲಸ ಅದು. ಅವನು ಬೇರೆ ಉದ್ಯೋಗ ಹಿಡಿದು ಊರು ಬಿಟ್ಟಮೇಲೆ ಅಕ್ಕ ಆ ಕುರ್ಚಿಯಲ್ಲಿ ಕುಳಿತಳು. ಮದುವೆ ಮಾಡಿಕೊಳ್ಳಲಿಲ್ಲ. ಯಾರಾದರೂ ಕೇಳಿದರೆ, “ದಿನಾ ಎರಡು ಮದುವಿ ನೋಡ್ತೀನಿ, ಸಾಕಾಗೈತಿ” ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ನಾನು ಕೌತಾಳಂ ಕಡೆಯವನು. ಸುತ್ತಲಿನ ಹಳ್ಳಿಗಳ ಮದುವೆ ಹಿಡಿದು, ಟೇಪುಗಳನ್ನು ಚೀಲಕ್ಕೆ ಹಾಕಿಕೊಂಡು ಆದೋನಿಗೆ ಬರುತ್ತಿದ್ದೆ. ಬೆಳಗಿನ ಬಸ್ಸಿಗೆ ಬಂದರೆ ಅಕ್ಕ ತನ್ನ ಡಬ್ಬಿಯ ಮಂಡಕ್ಕಿ ವಗ್ಗರಣೆಯಲ್ಲಿ ಅರ್ಧ ನನಗೆ ಕಾಗದದ ಮೇಲೆ ಹಾಕುತ್ತಿದ್ದಳು. ಮೆಣಸಿನಕಾಯಿ ಬಜ್ಜಿ ನಾನು ತರಬೇಕು, ಅದು ಒಪ್ಪಂದ. ಮೊದಮೊದಲು ನಾನು “ಬರ್ರಿ, ಹೋಗ್ರಿ” ಅನ್ನುತ್ತಿದ್ದೆ. ಒಂದು ದಿನ ಬಜ್ಜಿ ಮುರಿಯುತ್ತ, “ಅಕ್ಕ ಅಂತೀದಿ, ಮತ್ತ ರೀ ಯಾಕ ಹಚ್ಚತೀದಿ? ಎರಡರಾಗ ಒಂದು ತೆಗಿ” ಅಂದಳು. ಅಕ್ಕ ಅನ್ನುವುದನ್ನು ಉಳಿಸಿಕೊಂಡೆ.

ಆ ಕಾಲದಲ್ಲಿ ಆದೋನಿಯ ಯೂನಿಟ್ಟುಗಳಲ್ಲಿ ಕೆಲಸ ನಡೆಯುತ್ತಿದ್ದ ರೀತಿ ಹೀಗೆ: ಎಡಿಟ್ ಮಾಡುವ ಪ್ರೋಗ್ರಾಮಿನಲ್ಲಿ ಮದುವೆಯನ್ನು ಕತ್ತರಿಸಿ ಜೋಡಿಸಿ, ಇಡೀ ವಿಡಿಯೊ ಒಮ್ಮೆ ಹೊರಗೆ ತೆಗೆಯುವುದು. ಅದನ್ನು ಮತ್ತೊಂದು ಪ್ರೋಗ್ರಾಮಿಗೆ ಕೊಟ್ಟು, ಚಿತ್ರದ ಮೇಲೆ ಕುಣಿಯುವ ಕಾಳುಗಳನ್ನು—ನಾವು ಅದಕ್ಕೆ ಗ್ರೇನ್ಸ್ ಅನ್ನುತ್ತೇವೆ—ಫಿಲ್ಟರ್ ಹಾಕಿ ಸ್ವಚ್ಛ ಮಾಡಿ, ಇನ್ನೊಮ್ಮೆ ಹೊರಗೆ ತೆಗೆಯುವುದು. ಕೊನೆಗೆ ಮೂರನೆಯ ಪ್ರೋಗ್ರಾಮು ಅದನ್ನು ಡಿವಿಡಿಗೆ ಬೇಕಾದ ಹಾಗೆ ಒತ್ತಿ ಸಣ್ಣದು ಮಾಡುವುದು. ಪ್ರತಿ ಸಲ ಹೊರಗೆ ತೆಗೆದಾಗಲೂ ಡಿಸ್ಕಿನಲ್ಲಿ ಜಾಗ ಸಾಲುತ್ತಿರಲಿಲ್ಲ. ಜಾಗಕ್ಕಾಗಿ ಒತ್ತಿದರೆ ಚಿತ್ರದಲ್ಲಿ ಒಂದಿಷ್ಟು ಸೋರಿ ಹೋಗುತ್ತಿತ್ತು. ಹುಡುಗಿಯ ಸೀರೆಯ ಜರಿ ಕೊನೆಗೆ ಹಳದಿ ಬಳಿದ ಹಾಗೆ ಕಾಣುತ್ತಿತ್ತು. ಗಿರಾಕಿಗಳು ಕೇಳಿದರೆ ಯೂನಿಟ್ಟಿನವರು, “ಕ್ಯಾಮೆರಾ ಹಂಗ” ಅನ್ನುತ್ತಿದ್ದರು, ಬೈಗುಳ ನನ್ನಂಥವರ ಮೇಲೆ ತಿರುಗುತ್ತಿತ್ತು.

ಅಕ್ಕ ಒಬ್ಬಳೇ ಬೇರೆ ದಾರಿ ಹಿಡಿದಿದ್ದಳು. ಅವಳ ಮೂರೂ ಪ್ರೋಗ್ರಾಮುಗಳು ಒಟ್ಟಿಗೇ ತೆರೆದಿರುತ್ತಿದ್ದವು. ಎಡಿಟಿಂಗಿನಿಂದ ವಿಡಿಯೊ ಹೊರಗೇ ಬರುತ್ತಿರಲಿಲ್ಲ. ಒಂದೊಂದೇ ಫ್ರೇಮು, ಅಂದರೆ ಒಂದೊಂದೇ ಬಿಡಿ ಚಿತ್ರ, ಅಲ್ಲಿಂದ ಫಿಲ್ಟರಿಗೆ, ಫಿಲ್ಟರಿನಿಂದ ಡಿವಿಡಿ ಮಾಡುವ ಪ್ರೋಗ್ರಾಮಿಗೆ ನೇರ ದಾಟುತ್ತಿತ್ತು. ನಡುವೆ ಎಲ್ಲೂ ಉಳಿಸುವುದಿಲ್ಲ, ಒತ್ತುವುದೂ ಇಲ್ಲ. ನನಗೆ ತಲೆಗೆ ಹೋಗಲಿಲ್ಲ. ಅಕ್ಕ ತನ್ನ ತಾಯಿಯ ಕೆಲಸದಿಂದ ಹೇಳಿಕೊಟ್ಟಳು. ಅವಳ ತಾಯಿ ಕಟ್ಟಡದ ಕೂಲಿಗೆ ಹೋಗುತ್ತಿದ್ದವಳು.

“ಸ್ಲ್ಯಾಬ್ ಹಾಕೂವಾಗ ನೋಡಿಲ್ಲೇನ? ಹೆಣ್ಮಕ್ಕಳು ಸಾಲಾಗಿ ನಿಂತು ಬುಟ್ಟಿ ಕೈಯಿಂದ ಕೈಗೆ ಕೊಡ್ತಾರ. ನಡುವ ನೆಲಕ್ಕ ಇಟ್ರ ಏನಾಗತೈತಿ? ಒಂದಿಷ್ಟು ಚೆಲ್ಲತೈತಿ, ಒಂದಿಷ್ಟು ಬುಟ್ಟಿಗೆ ಹತ್ತಿ ಉಳೀತೈತಿ. ಕೈಯಿಂದ ಕೈಗೆ ಹೋದ್ರ ಹೊರಟಿದ್ದು ಮ್ಯಾಲೆ ಮುಟ್ಟತೈತಿ.”

“ಸಾಲಿನಾಗ ಒಬ್ಬಾಕಿ ಕೈಬಿಟ್ರ?”

“ಎಲ್ಲಾ ನಿಂತು ಹೋಗತೈತಿ. ಮತ್ತ ಮೊದಲಿಂದ. ಅದಕ್ಕ ಇದು ನಡೆಯಾಕ ಹತ್ತಿದಾಗ ಯಾರೂ ಮುಟ್ಟಬಾರದು.”

ಇದನ್ನೆಲ್ಲ ಅವಳಿಗೆ ಯಾರೂ ಕಲಿಸಲಿಲ್ಲ. ಇಂಟರ್‌ನೆಟ್ಟಿನಲ್ಲಿ ಇಂಥ ಕೆಲಸದ ಹುಚ್ಚಿದ್ದವರು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದ ಒಂದು ಜಾಗ ಹುಡುಕಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದಳು. ತಿಳಿಯದ್ದನ್ನು ತಪ್ಪು ಇಂಗ್ಲಿಷಿನಲ್ಲೇ ಕೇಳಿದಳು. ಯಾವುದೋ ದೇಶದ ಒಬ್ಬ ಉತ್ತರ ಬರೆದು ಅವಳನ್ನು “ಸರ್” ಅಂದಿದ್ದ. ಅಕ್ಕ ಅದನ್ನು ನನಗೆ ತೋರಿಸಿ ನಕ್ಕಳು. “ಸರ್ ಅಂತಾನ. ಇರಲಿ ಬಿಡು. ಹೆಣ್ಣು ಅಂತ ಗೊತ್ತಾದ್ರ ಅರ್ಧ ಹೇಳಿ ನಿಲ್ಲಸಬೌದು.” ಕೊನೆಯವರೆಗೂ ಅಲ್ಲಿ ಅವಳು ಸರ್ ಆಗಿಯೇ ಇದ್ದಳು.

ನಾನು ಈ ಬರಹಕ್ಕೆ ಕುಳಿತದ್ದು ಅವಳ ಜಾಣ್ಮೆ ಹೇಳುವುದಕ್ಕಲ್ಲ. ನಾನು ಅವಳಿಗೆ ಮಾಡಿದ ಒಂದು ಕೆಲಸ ಇದೆ. ಅದನ್ನು ಹೇಳದೆ ಅವಳ ಚಿತ್ರ ಪೂರ್ತಿಯಾಗುವುದಿಲ್ಲ.

ಒಂದು ದಿನ ಮಧ್ಯಾಹ್ನ ಮೆಟ್ಟಿಲು ಹತ್ತಿ ಒಬ್ಬ ಮುದುಕಿ ಬಂದಳು, ಜೊತೆಗೆ ಹದಿನೆಂಟರ ಆಸುಪಾಸಿನ ಮೊಮ್ಮಗಳು. ಕೌತಾಳಂ ಆಚೆಯ ಹಳ್ಳಿಯವರು, ಕುರಿ ಸಾಕುವ ಮನೆತನ. ಮುದುಕಿ ಸೆರಗಿನ ಗಂಟು ಬಿಚ್ಚಿ ಹಳೆಯ ದೊಡ್ಡ ವಿಡಿಯೊ ಕ್ಯಾಸೆಟ್ಟೊಂದನ್ನು ಮೇಜಿನ ಮೇಲಿಟ್ಟಳು. ಒಳಗಿನ ಟೇಪಿನ ಅಂಚಿಗೆ ಬಿಳಿ ಬೂಸು ಹತ್ತಿತ್ತು.

“ನನ್ನ ಮಗಳ ಮದುವೀದು ಯವ್ವಾ. ಈಕಿ ಆಕಿ ಮಗಳು. ಈಕೀನ ಹಡೆದ ಹತ್ತು ದಿನಕ್ಕ ಆಕಿ ಹೋಗಿಬಿಟ್ಲು” ಅಂದಳು. “ಈ ಹುಡುಗಿ ಅವ್ವನ್ನ ನೋಡಿಲ್ಲ. ಒಂದು ಫೋಟೋ ಐತಿ, ಅಷ್ಟ. ನಮ್ಮನೆಯವರಿಗೆ ಲಕ್ವಾ ಹೊಡೆದೈತಿ, ಮಾತು ಬಿದ್ದು ಹೋಗ್ಯಾವ. ಅವರ ಕಣ್ಣಿಗೆ ಒಮ್ಮೆ ತೋರಸಬೇಕು.”

ಅಕ್ಕ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ಈ ಸಲ ಯಾರು ಅಳುತ್ತಾರೆ ಅಂತ ಕೇಳಲಿಲ್ಲ.

ಹಳೆಯ ವಿಸಿಆರ್ ಒಂದನ್ನು ಎಲ್ಲಿಂದಲೋ ತಂದಳು. ಬೂಸನ್ನು ಮೆತ್ತನೆಯ ಬಟ್ಟೆಯಿಂದ ಮೊಳ ಮೊಳ ಟೇಪು ಎಳೆದು ಒರೆಸಿದಳು. ಟೇಪು ಒಮ್ಮೆ ಮಾತ್ರ ಪೂರ್ತಿ ಓಡಿತು. ಎರಡನೆಯ ಸಲ ನಡುವೆ ತುಂಡಾಯಿತು. ಆ ಒಂದು ಓಟದಲ್ಲಿ ಕಂಪ್ಯೂಟರಿಗೆ ಇಳಿದದ್ದಷ್ಟೇ ಉಳಿದದ್ದು. ಅದರ ತುಂಬ ಗ್ರೇನ್ಸು. ಮುಖಗಳ ಮೇಲೆ ಇರುವೆ ಮುತ್ತಿದ ಹಾಗೆ ಕಾಣುತ್ತಿತ್ತು. ಅಕ್ಕ ಅದರಲ್ಲಿ ಮುದುಕಿಯ ಮಗಳು ಇದ್ದ ಭಾಗಗಳನ್ನೆಲ್ಲ ಆರಿಸಿ ಮುಕ್ಕಾಲು ಗಂಟೆಗೆ ಇಳಿಸಿದಳು. ಗಟ್ಟಿ ಫಿಲ್ಟರ್ ಹಾಕಿ ಮೂರು ಪ್ರೋಗ್ರಾಮಿನ ಸಾಲು ಹಚ್ಚಿದಳು. ಬೆಳಿಗ್ಗೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಎಷ್ಟು ಚೆನ್ನಾಗಿ ಬಂತೆಂದರೆ, ನಾನು “ಅಕ್ಕಾ, ನಿನ್ನೆ ಹಿಡಿದಂಗ ಐತಿ” ಅಂದೆ. ಅಕ್ಕನಿಗೂ ಖುಷಿಯಾಗಿತ್ತು. ಕುರ್ಚಿಗೆ ಒರಗಿ ಕಾಲು ಚಾಚಿ ಕುಳಿತಳು. ಅದು ಅವಳಲ್ಲಿ ಅಪರೂಪ.

ಮುದುಕಿ ಬಂದು ನೋಡಿದಳು. ಮೊಮ್ಮಗಳು ಬಾಯಿಗೆ ಕೈ ಒತ್ತಿಕೊಂಡು ನೋಡಿದಳು. ಮುಗಿದ ಮೇಲೆ ಮುದುಕಿ ಪರದೆಯ ಹತ್ತಿರ ಬಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ, ಅಕ್ಕ ಬೇಜಾರು ಮಾಡಿಕೊಂಡಾಳು ಎಂಬ ಅಂಜಿಕೆಯಿಂದ, ಅಂದಳು:

“ಚೆಂದ ಐತಿ ಯವ್ವಾ. ಆದ್ರ ಈಕಿ ನನ್ನ ಮಗಳಲ್ಲ.”

“ಯಾಕವ್ವಾ?”

“ಆಕಿ ಗದ್ದದ ಮ್ಯಾಲೆ ಮೂರು ಹಚ್ಚಿ ಬೊಟ್ಟು ಇದ್ವು. ಸಣ್ಣಾಕಿ ಇದ್ದಾಗ ಹಠ ಮಾಡಿ ಹಾಕಿಸ್ಕೊಂಡಿದ್ಲು. ಈಕಿಗೆ ಇಲ್ಲ. ಮತ್ತ ಮನಿ ಬಿಟ್ಟು ಹೋಗೂವಾಗ ಆಕಿ ತುಟಿ ನಡುಗಾಕ ಹತ್ತಿತ್ತು. ನಾ ಕಣ್ಣಾರೆ ನೋಡೀನಿ. ಈಕಿ ಸುಮ್ನ ಗೊಂಬಿ ನಿಂತಂಗ ನಿಂತಾಳ.”

ಅಕ್ಕನ ಮುಖ ಕಪ್ಪಿಟ್ಟಿತು. ಅವರನ್ನು ಕೂರಿಸಿ, ಫಿಲ್ಟರ್ ಹಾಕದ ಮೂಲ ವಿಡಿಯೊ ತೆಗೆದು, ಆ ಜಾಗಕ್ಕೆ ಹೋಗಿ ಒಂದೊಂದೇ ಫ್ರೇಮು ಸರಿಸಿದಳು. ಇದ್ದವು. ಕಾಳುಗಳ ನಡುವೆ ಒಂದು ಫ್ರೇಮಿನಲ್ಲಿ ಕಂಡು ಇನ್ನೊಂದರಲ್ಲಿ ಮಾಯವಾಗುವ ಮೂರು ಹಸಿರು ಚುಕ್ಕಿಗಳು. ಫಿಲ್ಟರಿಗೆ ಗೊತ್ತಿರುವುದು ಅಷ್ಟೇ: ಒಂದು ಫ್ರೇಮಿನಲ್ಲಿದ್ದು ಮುಂದಿನದರಲ್ಲಿ ಇಲ್ಲದ್ದು ಕಸ. ಹಚ್ಚೆಯನ್ನೂ ಕಸ ಅಂದುಕೊಂಡು ಒರೆಸಿತ್ತು, ತುಟಿಯ ನಡುಕವನ್ನೂ ಕಸ ಅಂದುಕೊಂಡು ಒರೆಸಿತ್ತು.

“ತಪ್ಪು ನಂದವ್ವಾ” ಅಂದಳು ಅಕ್ಕ. “ನಾ ನಿನ್ನ ಮಗಳನ್ನ ನೋಡಲಿಲ್ಲ. ಕಸ ಹೋತೋ ಇಲ್ಲೋ ಅಷ್ಟ ನೋಡಿದೆ. ಒಂದು ವಾರ ಬಿಟ್ಟು ಬರ್ರಿ.”

ಆ ವಾರ ಅಕ್ಕ ಬೇರೆ ಯಾವ ಮದುವೆಯನ್ನೂ ಮುಟ್ಟಲಿಲ್ಲ. ಮುಖ ದೊಡ್ಡದಾಗಿ ಕಾಣುವ ಕಡೆ ಫಿಲ್ಟರ್ ಸಡಿಲ ಮಾಡುವುದು, ಗೋಡೆ ಚಪ್ಪರ ಕಾಣುವ ಕಡೆ ಬಿಗಿ ಮಾಡುವುದು, ಒಂದು ನಿಮಿಷ ಓಡಿಸಿ ನೋಡುವುದು, ಮತ್ತೆ ಬದಲಿಸುವುದು. ನಡುವೆ ಏನನ್ನೂ ಉಳಿಸಿರಲಿಲ್ಲವಾದ್ದರಿಂದ ಏನೂ ಕೆಟ್ಟಿರಲಿಲ್ಲ. ಮೂಲ ಹಾಗೆಯೇ ಇತ್ತು. ಎಷ್ಟು ಸಲ ತಪ್ಪಿದರೂ ಮೊದಲಿನ ಜಾಗಕ್ಕೆ ಹಿಂತಿರುಗಬಹುದಿತ್ತು. ಹಾಡು ಹಾಕಲಿಲ್ಲ. ಬೀಳ್ಕೊಡುವ ಹೊತ್ತಿನಲ್ಲಿ ಓಲಗ ಒಂದು ಕ್ಷಣ ನಿಂತಾಗ ಹುಡುಗಿಯ ದನಿ ಸಣ್ಣಗೆ ಕೇಳುತ್ತಿತ್ತು. ಅದನ್ನು ಮಾತ್ರ ಸ್ವಲ್ಪ ಎತ್ತರಿಸಿದಳು.

ನನಗೆ ಅದೇ ವಾರ ಆದೋನಿಯ ಒಬ್ಬ ವ್ಯಾಪಾರಸ್ಥರ ಮನೆಯ ರಿಸೆಪ್ಷನ್ ಮುಗಿಸಿಕೊಡಬೇಕಿತ್ತು. ಅವರ ನೆಂಟರು ಊರಿಗೆ ಹಿಂತಿರುಗುವುದರೊಳಗೆ ತೋರಿಸಬೇಕು ಅಂತ ಶುಕ್ರವಾರದ ಗಡುವು. ನಾನು ದಿನಾ ಬಂದು ಕೂರುತ್ತಿದ್ದೆ. ಅಕ್ಕ ದಿನಾ “ನಾಳೆ” ಅನ್ನುತ್ತಿದ್ದಳು. ಬುಧವಾರ ನನಗೆ ತಡೆಯಲಾಗಲಿಲ್ಲ.

“ಸತ್ತವರಿಗೆ ಇಷ್ಟು ಮಾಡ್ತೀದಿ. ಬದುಕಿದವರು ಇಲ್ಲಿ ಕುಂತೀವಿ, ನಮಗೇನು?” ಅಂದೆ.

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಬದುಕಿದವರಿಗೆ ನಾಳೆ ಐತಿ” ಅಂದಳು.

ಗುರುವಾರ ಬೆಳಿಗ್ಗೆ ಕೊನೆಯ ಓಟ ಶುರುವಾಯಿತು. ಸಂಜೆ ನಾಲ್ಕಕ್ಕೆ ಮುಗಿಯಬೇಕು. ಅದೇ ಹೊತ್ತಿಗೆ ಮುದುಕಿ ಬರುವವಳಿದ್ದಳು. ಮಧ್ಯಾಹ್ನ ಅಕ್ಕ ಎಂದಿನ ಹಾಗೆ ತಾಯಿಗೆ ಊಟಕ್ಕಿಡಲು ಮನೆಗೆ ಹೊರಟಳು. “ತಮ್ಮಾ, ನೋಡ್ತಿರು. ಮುಟ್ಟಬ್ಯಾಡ” ಅಂದು ಚಪ್ಪಲಿ ಮೆಟ್ಟಿ ಇಳಿದಳು.

ಅವಳು ಹೋದ ಹತ್ತು ನಿಮಿಷಕ್ಕೆ ವ್ಯಾಪಾರಸ್ಥರ ಫೋನು ಬಂತು. “ಏಮಯ್ಯಾ, ರೇಪು ಇಸ್ತಾವಾ ಲೇದಾ?” ನಾಳೆ ಕೊಡುತ್ತೀಯೋ ಇಲ್ಲವೋ ಅನ್ನುವ ಆ ಒಂದು ಪ್ರಶ್ನೆಯ ಹಿಂದೆ ಇನ್ನೂ ಹತ್ತು ಮಾತು. ಮುಂದಿನ ಮದುವೆಗಳಿಗೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂಬುದೂ ಇತ್ತು. ಫೋನು ಇಟ್ಟಾಗ ನನ್ನ ಕಿವಿ ಬಿಸಿಯಾಗಿತ್ತು. ಪರದೆಯ ಮೇಲೆ ಸತ್ತ ಹುಡುಗಿಯೊಬ್ಬಳು ಒಂದೊಂದೇ ಫ್ರೇಮಾಗಿ ದಾಟುತ್ತಿದ್ದಳು. ನಾನು ಮೌಸಿಗೆ ಕೈ ಹಾಕಿ ಎಡಿಟಿಂಗ್ ಪ್ರೋಗ್ರಾಮು ಮುಚ್ಚಿದೆ. ನಿಜವಾಗಿ ಮುಚ್ಚಬೇಕೇ ಅಂತ ಅದು ಕೇಳಿತು. ಹೌದು ಅಂದೆ. ಉಳಿದ ಎರಡೂ ಅಲ್ಲೇ ನಿಂತವು. ನನ್ನ ಟೇಪು ಹಾಕಿ ಇಳಿಸಲು ಶುರುಮಾಡಿದೆ.

ಅಕ್ಕ ಬಂದಾಗ ನನ್ನ ಬಾಯಿಂದ ತಾನೇ ತಾನಾಗಿ ಬಂತು: “ಕರೆಂಟು ಹೋಗಿತ್ತಕ್ಕಾ. ಎಲ್ಲಾ ಬಂದಾತು. ಸುಮ್ನ ಕೂರೂದ್ಯಾಕ ಅಂತ ನನ್ನ ಟೇಪು ಹಚ್ಚೀನಿ.”

ಅವಳು ನನ್ನ ಮುಖ ನೋಡಿದಳು. ಪರದೆ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು. “ಹಂಗಾ” ಅಂದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, “ಸರಿ, ನಿಂದು ಇಳೀಲಿ” ಅಂದು ಬಾಗಿಲ ಹತ್ತಿರ ಕುಳಿತಳು.

ನಾಲ್ಕಕ್ಕೆ ಮುದುಕಿ ಮತ್ತು ಮೊಮ್ಮಗಳು ಬಂದರು. ಮೊಮ್ಮಗಳು ಹೊಸ ಲಂಗ ದಾವಣಿ ಉಟ್ಟಿದ್ದಳು, ಕನಕಾಂಬರ ಮುಡಿದಿದ್ದಳು. ಅವ್ವನನ್ನು ಮನೆಗೆ ಕರೆದೊಯ್ಯಲು ಬಂದವಳ ಹಾಗೆ. ನಾನು ಗೋಡೆಯ ಕಡೆ ತಿರುಗಿದೆ.

“ಕರೆಂಟು ಕೈಕೊಟ್ತವ್ವಾ” ಅಂದಳು ಅಕ್ಕ. “ಇವತ್ತು ಆಗಲಿಲ್ಲ. ನೀವು ಮತ್ತ ಬರಬ್ಯಾಡ್ರಿ, ನಾಡಿದ್ದು ನಾವ ಊರಿಗೆ ತಂದು ಕೊಡ್ತೀವಿ.”

“ನಮ್ಮನೆಯವರು ಬಾಗಲಾ ನೋಡ್ಕೋತ ಮಲಗಿರ್ತಾರ ಯವ್ವಾ” ಅಂದಳು ಮುದುಕಿ. ಅಷ್ಟೇ. ಬೈಯಲಿಲ್ಲ. ಮೊಮ್ಮಗಳ ಕೈ ಹಿಡಿದು ಮೆಟ್ಟಿಲು ಇಳಿದಳು. ಹುಡುಗಿ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು.

ಶುಕ್ರವಾರ ಸಂಜೆಯೊಳಗೆ ಅಕ್ಕ ನನ್ನ ರಿಸೆಪ್ಷನ್ ಮುಗಿಸಿಕೊಟ್ಟಳು. ಅದನ್ನು ಒಯ್ದು ಕೊಟ್ಟರೆ, ನೆಂಟರು ಗುರುವಾರ ರಾತ್ರಿಯೇ ಹೊರಟು ಹೋಗಿದ್ದರು. ವ್ಯಾಪಾರಸ್ಥರು ಡಿವಿಡಿಯನ್ನು ಟಿವಿಯ ಮೇಲಿಟ್ಟು, “ನೋಡೋಣ” ಅಂದರು.

ಮುದುಕಿಯ ಮಗಳ ವಿಡಿಯೊ ಶನಿವಾರ ನಸುಕಿಗೇ ಹಚ್ಚಿದ್ದು ಮಧ್ಯಾಹ್ನ ಮುಗಿಯಿತು. ನನ್ನ ಬೈಕಿನ ಹಿಂದೆ ಅಕ್ಕ ಕುಳಿತಳು, ತೊಡೆಯ ಮೇಲೆ ಟವಲಿನಲ್ಲಿ ಸುತ್ತಿದ ಡಿವಿಡಿ ಪ್ಲೇಯರು. ಹತ್ತಿ ಬಿಡಿಸುವ ಕಾಲ. ದಾರಿಯುದ್ದಕ್ಕೂ ಮುಳ್ಳುಜಾಲಿಗೆ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಅಕ್ಕ ದಾರಿಯಲ್ಲಿ ಎರಡೇ ಮಾತಾಡಿದಳು: “ಗುಂಡಿ ನೋಡಿ ಹೊಡಿ.” ಮತ್ತೆ ಸ್ವಲ್ಪ ಹೊತ್ತಿಗೆ, “ಗುಂಡಿ ನೋಡಿ ಹೊಡಿ ಅಂದ್ನಲ್ಲೋ.”

ಮನೆಯ ಪಡಸಾಲೆಯಲ್ಲಿ ಮುದುಕ ಹೊರಸಿನ ಮೇಲೆ ಕಂಬಳಿ ಹೊದ್ದು ಮಲಗಿದ್ದ. ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಹಿಂದಿನ ಹಟ್ಟಿಯಲ್ಲಿ ಮರಿಗಳು ಕೂಗುತ್ತಿದ್ದವು. ನಾನು ಪಕ್ಕದ ಮನೆಯ ಟಿವಿ ಹೊತ್ತು ತಂದು ವೈರು ಜೋಡಿಸಿದೆ. ಮುದುಕಿ ಗಂಡನನ್ನು ಎತ್ತಿ ದಿಂಬಿಗೆ ಒರಗಿಸಿದಳು. ಓಣಿಯ ಹೆಂಗಸರು ಬಾಗಿಲಲ್ಲಿ ತುಂಬಿಕೊಂಡರು.

ಚಿತ್ರ ಬಂತು. ಮೊದಲಿನಷ್ಟು ನುಣುಪಾಗಿರಲಿಲ್ಲ. ಅಲ್ಲಲ್ಲಿ ಕಾಳು ಕುಣಿಯುತ್ತಿದ್ದವು. ಅರಿಷಿಣ ಹಚ್ಚಿಕೊಂಡ ಹುಡುಗಿ ಮಣೆಯ ಮೇಲೆ ಕುಳಿತು ಯಾರಿಗೋ ನಾಲಿಗೆ ಚಾಚಿ ಅಣಕಿಸಿದಳು. ಬಾಗಿಲಲ್ಲಿದ್ದ ಹೆಂಗಸರು, “ಹೌದವ್ವಾ, ಆಕೀನ ಆಕೀನ, ಹಂಗ ಮಾಡ್ತಿದ್ಲು” ಅಂತ ಒಮ್ಮೆಲೇ ನಕ್ಕರು, ಒಮ್ಮೆಲೇ ಕಣ್ಣೊರೆಸಿಕೊಂಡರು. ಗದ್ದದ ಮೇಲೆ ಮೂರು ಚುಕ್ಕಿ ಕಂಡವು. ಮುದುಕ ಎಡಗೈಯನ್ನು ಕಂಬಳಿಯಿಂದ ಹೊರಗೆ ತೆಗೆದು ತನ್ನ ಗದ್ದ ಮುಟ್ಟಿಕೊಂಡ. ಬೆರಳು ಅಲ್ಲೇ ನಿಂತಿತು.

ಕೊನೆಗೆ ಬೀಳ್ಕೊಡುವ ಹೊತ್ತು. ಹುಡುಗಿ ಇದೇ ಮನೆಯ ಹೊಸ್ತಿಲಲ್ಲಿ ನಿಂತಿದ್ದಾಳೆ. ತುಟಿ ನಡುಗುತ್ತಿದೆ. ಓಲಗ ನಿಂತಿತು. ಅವಳು ಕ್ಯಾಮೆರಾದ ಆಚೆ ಯಾರನ್ನೋ ನೋಡಿ ಕೇಳಿದಳು: “ಅಪ್ಪಾ, ನೀ ಉಂಡ್ಯಾ?”

ಮೊಮ್ಮಗಳು ಅಜ್ಜಿಯ ಕಡೆ ತಿರುಗಿ, “ಅವ್ವಂದು ದನಿ ಹಿಂಗಿತ್ತಾ?” ಅಂದಳು. ಅವಳು ಆ ದನಿ ಕೇಳಿದ್ದು ಅದೇ ಮೊದಲು.

ಮಾತು ಬಿದ್ದುಹೋದ ಮುದುಕ ಟಿವಿಯ ಕಡೆ ತಲೆಯಾಡಿಸಿದ. ಹೌದು, ಹೌದು ಅನ್ನುವ ಹಾಗೆ. ಉಂಡೆ ಅಂತ ಮಗಳಿಗೆ ಹೇಳುತ್ತಿದ್ದಾನೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ನಾನು ಅಲ್ಲಿ ನಿಲ್ಲಲಿಲ್ಲ. ಹಟ್ಟಿಯ ಹತ್ತಿರ ಹೋಗಿ ಕುರಿಗಳಿಗೆ ಬೆನ್ನು ತಿರುಗಿಸಿ ನಿಂತೆ. ಈ ಮನುಷ್ಯನನ್ನು ಎರಡು ದಿನ ಬಾಗಿಲು ನೋಡುತ್ತ ಮಲಗಿಸಿದವನು ನಾನು. ಆ ಎರಡು ದಿನದಲ್ಲಿ ಏನಾದರೂ ಆಗಿದ್ದರೆ?

ಬರುವಾಗ ಉರುಕುಂದದ ಕ್ರಾಸಿನಲ್ಲಿ ಚಹಾಕ್ಕೆ ನಿಂತೆವು. ಅಕ್ಕ ಸಾಸರಿಗೆ ಸುರಿದುಕೊಂಡು ಊದುತ್ತ, ನನ್ನ ಕಡೆ ನೋಡದೆ ಅಂದಳು:

“ಗುರುವಾರ ನಾ ಮನೀಗೆ ಹೋದಾಗ ಅವ್ವ ಟಿವಿ ನೋಡಾಕ ಹತ್ತಿದ್ಲು. ವಾಪಸ್ ಬರೂವಾಗ ಕೆಳಗ ಗಿರಣಿ ನಡೀತಿತ್ತು. ಊರಿಗೆಲ್ಲಾ ಕರೆಂಟು ಇದ್ದು ನಿನಗೊಬ್ಬನಿಗೇ ಹೋಗಿತ್ತೇನ?”

ಗ್ಲಾಸು ಕೆಳಗಿಟ್ಟೆ. “ಗೊತ್ತಿತ್ತಾ ಅಕ್ಕಾ? ಮತ್ತ ಅವರ ಮುಂದ ಯಾಕ ಹಂಗ ಅಂದಿ?”

“ಆ ಮುದುಕಿ ಮುಂದ ನಿನ್ನ ನಿಲ್ಲಿಸಿ ಏನ್ ಮಾಡ್ಲಿ? ನೀ ಮದುವಿ ಹಿಡಿಯಾಕ ಅದೇ ಊರಿಗೆ ಹೋಗಾಂವ.” ಸ್ವಲ್ಪ ಹೊತ್ತು ಚಹಾ ಕುಡಿದಳು. “ಸಿಟ್ಟು ಬಂದ್ರ ಬೈಯಿ ತಮ್ಮಾ. ಬೈದ್ರ ನಾನೂ ಬೈತೀನಿ, ಮುಗೀತೈತಿ. ಸುಳ್ಳು ಹೇಳಬ್ಯಾಡ. ಎರಡು ದಿನ ನಿನ್ನ ಮಾರಿ ನೋಡಾಕ ನನಗ ಆಗಲಿಲ್ಲ.”

ನಾನು ತಪ್ಪಾಯಿತು ಅಂದೆ. ಹೇಳಿದ್ದು ಕೇಳಿಸಿತೋ ಇಲ್ಲವೋ, ಆ ಹೊತ್ತಿಗೆ ಒಂದು ಲಾರಿ ಹಾದುಹೋಯಿತು. ಅಕ್ಕ ಎದ್ದು, ಪ್ಲೇಯರು ಎತ್ತಿಕೊಂಡು, “ಗುಂಡಿ ನೋಡಿ ಹೊಡಿ” ಅಂದಳು. ಮತ್ತೆಂದೂ ಆ ಗುರುವಾರದ ಮಾತು ಎತ್ತಲಿಲ್ಲ.

ಮುದುಕ ಆ ಬೇಸಿಗೆ ದಾಟಲಿಲ್ಲ. ಕೊನೆಯ ದಿನಗಳಲ್ಲಿ ಆ ಹೊಸ್ತಿಲ ಭಾಗವನ್ನೇ ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿದ್ದನಂತೆ. ಮೊಮ್ಮಗಳ ಮದುವೆಯ ವಿಡಿಯೊ ನಾನೇ ಹಿಡಿದೆ, ಅಕ್ಕನೇ ಮಿಕ್ಸಿಂಗ್ ಮಾಡಿದಳು. ಅದರಲ್ಲಿ ಹುಡುಗಿ ಗದ್ದಕ್ಕೆ ಕಾಡಿಗೆಯಿಂದ ಮೂರು ಬೊಟ್ಟು ಇಟ್ಟುಕೊಂಡಿದ್ದಳು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಟೇಪು ಹೋಯಿತು, ಡಿವಿಡಿ ಹೋಯಿತು, ಮದುವೆಗಳು ಫೋನಿಗೆ ಬಂದವು. ಒಂದು ಗುಂಡಿ ಒತ್ತಿದರೆ ಎಲ್ಲರ ಮುಖವೂ ಒಂದೇ ಥರ ಬೆಳ್ಳಗಾಗುತ್ತದೆ. ಅಕ್ಕ ತಾಯಿ ತೀರಿಕೊಂಡ ಮೇಲೆ ಯೂನಿಟ್ಟು ಮುಚ್ಚಿ ಎಮ್ಮಿಗನೂರಿನ ತಂಗಿಯ ಮನೆಗೆ ಹೋದಳು. ಎರಡು ವರ್ಷದಲ್ಲಿ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆರಡು ಸಲ ಡಯಾಲಿಸಿಸ್. ನಾನು ಆಗೀಗ ಹೋಗಿ ಬರುತ್ತಿದ್ದೆ. ಆಗೀಗ ಅನ್ನುವುದು ನನ್ನ ಮಾತು. ಅವಳ ಲೆಕ್ಕದಲ್ಲಿ ಅದು ಬಹಳ ಕಡಿಮೆ ಇದ್ದಿರಬೇಕು, ಪ್ರತಿ ಸಲ ಹೋದಾಗಲೂ “ಬಾಳ ದಿನಕ್ಕ ಬಂದಿ” ಅನ್ನುತ್ತಿದ್ದಳು.

ಕೊನೆಯ ಸಲ ಹೋದಾಗ, “ನನ್ನ ಹೊಳಿಗೆ ಕರ್ಕೊಂಡು ಹೋಗ್ತೀಯಾ?” ಅಂದಳು. ಇಷ್ಟು ಹತ್ತಿರ ತುಂಗಭದ್ರೆ ಇದ್ದರೂ ಅವಳು ಅದನ್ನು ಹೆಚ್ಚು ನೋಡಿದ್ದು ನಾನು ಹಿಡಿದು ತಂದ ವಿಡಿಯೊಗಳಲ್ಲಿ. ಗಾಡಿ ಮೇಲೆ ಮೆಲ್ಲಗೆ ಕರೆದೊಯ್ದೆ. ಜನ ಹೆಚ್ಚು ಬಾರದ ಒಂದು ದಡ. ನೀರು ಕಡಿಮೆ ಇತ್ತು, ಬಂಡೆಗಳ ನಡುವೆ ಸೀಳಿ ಹರಿಯುತ್ತಿತ್ತು. ಅಕ್ಕ ಸೀರೆ ಸ್ವಲ್ಪ ಎತ್ತಿ ಪಾದ ಮುಳುಗುವಷ್ಟಕ್ಕೆ ಇಳಿದು ನಿಂತಳು. ನಾನು ಫೋನು ಎತ್ತಿದೆ. “ಬ್ಯಾಡ, ಸುಮ್ನ ನೋಡು” ಅಂದಳು. ಜೇಬಿಗೆ ಹಾಕಿಕೊಂಡೆ.

ಬಹಳ ಹೊತ್ತು ಆಚೆ ದಡ ನೋಡುತ್ತಿದ್ದಳು. ಅಲ್ಲಿ ಒಂದು ಗುಡಿಯ ಗೋಪುರ, ನಾಲ್ಕಾರು ಬೇವಿನ ಮರ, ಬಿಳಿ ಬಳಿದ ಒಂದು ಮನೆ.

“ಅದು ಯಾವೂರು ತಮ್ಮಾ?”

“ಗೊತ್ತಿಲ್ಲಕ್ಕಾ. ಕರ್ನಾಟಕದ ಕಡೀದು. ಕೇಳಿ ಹೇಳ್ತೀನಿ.”

“ಕೇಳು. ಚೆಂದ ಐತಿ ಊರು.”

ಮದುವೆಯ ತಿಂಗಳು ಶುರುವಾಯಿತು. ಒಂದಾದ ಮೇಲೊಂದು ಊರು. ಕೇಳುವುದು ಮರೆತೆ.

ಸುದ್ದಿ ತಿಳಿದ ಮೇಲೆ ಎಮ್ಮಿಗನೂರಿಗೆ ಹೋಗಿ ಅಕ್ಕನ ತಂಗಿಯನ್ನು ಮಾತಾಡಿಸಿ ಬಂದೆ. ಅಲ್ಲಿ ಅಳು ಬರಲಿಲ್ಲ. ಹೋದ ವಾರ ಕೆಲಸವಿಲ್ಲದ ಒಂದು ದಿನ, ಯಾಕೋ ಗಾಡಿ ಹೊಳೆಯ ಕಡೆ ತಿರುಗಿತು. ಅದೇ ದಡದಲ್ಲಿ ಒಬ್ಬ ಮೀನಿನ ಬಲೆ ಬಿಡಿಸುತ್ತ ಕುಳಿತಿದ್ದ. ಆಚೆ ಕಡೆಯ ಊರು ಯಾವುದಪ್ಪಾ ಅಂದೆ. “ಅದಾ? ಬೂದಿನಾಳ” ಅಂದ, ತಲೆ ಎತ್ತದೆ.

ಫೋನು ತೆಗೆದು ಅಕ್ಕನ ನಂಬರಿಗೆ ಒತ್ತಿದೆ. ಒತ್ತಿದ ಮೇಲೆ ಏನು ಮಾಡುತ್ತಿದ್ದೇನೆ ಅಂತ ತಿಳಿಯಿತು, ಆದರೆ ಕಟ್ ಮಾಡಲು ಮನಸ್ಸು ಬರಲಿಲ್ಲ. ನಾಲ್ಕು ಸಲ ಗಂಟೆಯಾಗಿ ಯಾರೋ ಎತ್ತಿದರು. ತಂಗಿಯ ಮಗಳ ದನಿ.

“ಯಾರ್ರೀ?”

“ಬೂದಿನಾಳ ಅಂತವ್ವಾ” ಅಂದೆ.

“ಏನ್ರೀ?”

“ಆ ಊರ ಹೆಸರು. ಅಕ್ಕ ಕೇಳಿದ್ಲು.”

ಆ ಕಡೆ ಟಿವಿಯ ಸದ್ದು ನಿಂತಿತು. ಆಮೇಲೆ ಹುಡುಗಿ ಮೆಲ್ಲಗೆ, “ಹೂನ್ರಿ” ಅಂದಳು.